ಬಾಯಿ ತಾಗದ ಪೀಪಿ

ಹೇಳಿರಬಹುದಲ್ಲವೇ? ಹೇಳಿಯೇ ಇರಬಹುದು. ಗಂಡನ ದನಿಯೇ ಮೆಲ್ಲಗೆ. ಕನ್ನಡ ಬಳಗದ ಆ ಪಂಢರಿನಾಥನೋ, ತಾನು ಮಾತಾಡುವಾಗ ಇನ್ನೊಬ್ಬರ ಮಾತನ್ನು ಕಿವಿಗೆ ಹಾಕಿಕೊಳ್ಳುವ ಪೈಕಿಯೇ ಅಲ್ಲ. 'ಇದು ನಾನು ಮಾಡಿದ್ದಲ್ಲ, ಇವಳು ಮಾಡಿದ್ದು' ಎಂದು ಅವರು ಹೇಳುವ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ನೀರಿನ ಲಾರಿ ಹಾರ್ನ್ ಹೊಡೆದಿರಬಹುದು. ಅಥವಾ ಪಂಢರಿನಾಥ ಕೇಳಿಸಿಕೊಂಡೂ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನವನಿಗೆ ಹೇಳುವಾಗ ಮರೆತಿರಬಹುದು. ಮರೆಯಬಹುದು. ಮನುಷ್ಯ ತಾನೇ.

ನಾಗಮಣಿ ಆಹ್ವಾನಪತ್ರಿಕೆಯನ್ನು ಇನ್ನೊಮ್ಮೆ ಓದಿದಳು. ಅಣ್ಣಾ ನಗರದ ಕನ್ನಡ ಬಳಗದ ವಾರ್ಷಿಕೋತ್ಸವ. ನೀರಿನ ಬವಣೆಯಲ್ಲಿ ಹೆಂಗಳೆಯರ ಕಷ್ಟ ಕಂಡು ಕರಗಿ, ತಮ್ಮ ಬುದ್ಧಿಬಲದಿಂದ 'ನೀರಿನ ಪೀಪಿ'ಯನ್ನು ಕಂಡುಹಿಡಿದ ಶ್ರೀ ತಿರುಮಲೇಶ ಅವರಿಗೆ ಪತ್ನೀ ಸಮೇತ ಸನ್ಮಾನ. ಆ 'ಸಮೇತ' ಎನ್ನುವ ಮಾತಿನ ಮೇಲೆ ಅವಳ ಕಣ್ಣು ನಿಂತಿತು. ಚಟ್ನಿ ಸಮೇತ ದೋಸೆ ಎಂದ ಹಾಗೆ.

ಆ ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆ ಮದರಾಸಿನವರಿಗೆ ಮರೆಯುವಂಥದ್ದಲ್ಲ. ಕೆರೆಗಳು ಬತ್ತಿ, ಕಾರ್ಪೊರೇಷನ್ ನೀರು ಯಾವ ದಿನ ಯಾವ ಹೊತ್ತಿಗೆ ಬರುತ್ತದೆಂದು ಬಿಡುವವನಿಗೂ ಗೊತ್ತಿರಲಿಲ್ಲ. ಕೊಳವೆಯಲ್ಲಿ ನೀರಿಗೆ ಮೇಲೇರುವ ಶಕ್ತಿಯಿಲ್ಲವೆಂದು ಮನೆಮನೆಯ ಮುಂದೆ ಸೊಂಟದಾಳ ಗುಂಡಿ ತೋಡಿ ನಲ್ಲಿಯನ್ನು ಅದರೊಳಕ್ಕೆ ಇಳಿಸಿದ್ದರು. ನೀರು ಬಂದಾಗ ಹತ್ತಿರ ಇದ್ದವರಿಗೆ ಉಂಟು, ಇಲ್ಲದವರಿಗೆ ಇಲ್ಲ. ಲಾರಿ ನೀರು ಇತ್ತು, ಕ್ಯಾನ್ ನೀರು ಇತ್ತು. ಆದರೆ ಅವಳ ಅತ್ತೆ ಜಯಲಕ್ಷ್ಮಮ್ಮನಿಗೆ ಅವೆರಡೂ ಆಗುತ್ತಿರಲಿಲ್ಲ. ದೇವರ ಪೂಜೆಗೆ, ಅಡುಗೆಗೆ, ಸ್ನಾನ ಮಾಡಿ ಮಡಿಯಲ್ಲಿ ಹಿಡಿದ ನಲ್ಲಿ ನೀರೇ ಬೇಕು. ಮೂರು ತಲೆಮಾರು ಮದರಾಸಿನಲ್ಲಿ ಕಳೆದು, ಮಾತಿನ ನಡುವೆ 'ಆಮಾ', 'ಪರವಾಯಿಲ್ಲೆ' ಎಂದು ಸೇರಿಸುವಷ್ಟು ತಮಿಳಾಗಿದ್ದ ಆ ಮನೆತನ ಮಡಿಯೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಮುದುಕಿ ಒದ್ದೆ ಸೀರೆಯುಟ್ಟು, ಹಿತ್ತಾಳೆ ಕೊಡ ಇಟ್ಟುಕೊಂಡು ಗುಂಡಿಯ ಪಕ್ಕ ಕೂತಿರುತ್ತಿದ್ದರು. ಸೀರೆ ಒಣಗುತ್ತಿತ್ತು, ನೀರು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಿಸಿಲಿಗೆ ತಲೆ ಸುತ್ತಿ ಅಲ್ಲೇ ಒರಗಿದರು.

ಅವರನ್ನು ಎತ್ತಿ ಒಳಗೆ ಮಲಗಿಸಿ ಬಂದು ನಾಗಮಣಿ ತಾನೇ ಗುಂಡಿಯಲ್ಲಿಳಿದು ನಿಂತಾಗ ನಲ್ಲಿ ಬುಸ್ಸೆಂದಿತು. ನೀರಿಲ್ಲ, ಬರೀ ಗಾಳಿ. ಅಂಗೈ ಒಡ್ಡಿದಳು. ಖಾಲಿ ಕೊಳವೆಯೊಳಗಿನ ಗಾಳಿಯನ್ನು ದೂರದಿಂದ ಬರುತ್ತಿರುವ ನೀರು ಮುಂದೆ ದೂಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನೀರು ಬಂತು. ಬೀದಿಯ ಹೆಂಗಸರಿಗೆಲ್ಲ ಈ ಬುಸ್ಸು ಗೊತ್ತಿದ್ದದ್ದೇ. ಆದರೆ ಆ ಗಾಳಿಯ ಕೈಯಲ್ಲಿ ಒಂದು ಕೆಲಸ ಮಾಡಿಸಬಹುದು ಎಂದು ಹೊಳೆದದ್ದು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಬಂದು, ಹದಿನೆಂಟು ವರ್ಷ ಸಾರಿಗೆ ಒಗ್ಗರಣೆ ಹಾಕಿದ ಈ ನಾಗಮಣಿಗೆ.

ಫೋಟೋ ರೋಲಿನ ಕಪ್ಪು ಪ್ಲಾಸ್ಟಿಕ್ ಡಬ್ಬಿ ಒಂದನ್ನು ತೆಗೆದುಕೊಂಡಳು. ಸೈಕಲ್ ಟ್ಯೂಬಿನ ತುಂಡಿನಿಂದ ಅದನ್ನು ನಲ್ಲಿಯ ಬಾಯಿಗೆ ಸೇರಿಸಿದಳು. ಮುಚ್ಚಳಕ್ಕೆ ತೂತು ಮಾಡಿ ಬಲೂನಿನ ಪೀಪಿ ಸಿಕ್ಕಿಸಿ, ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ರಂಧ್ರ ಕೊರೆದಳು. ಗಾಳಿ ಬಂದರೆ ಪೀಪಿ ಕೂಗಬೇಕು, ಆಮೇಲೆ ನೀರು ಆ ರಂಧ್ರದಿಂದ ಕೊಡಕ್ಕೆ ಬೀಳಬೇಕು. ನಲ್ಲಿ ತೆರೆದಿಟ್ಟು ಒಳಗೆ ಹೋಗಿ ನೆಮ್ಮದಿಯಾಗಿ ಕೆಲಸ ನೋಡಿಕೊಳ್ಳಬಹುದು.

ಜಯಲಕ್ಷ್ಮಮ್ಮ ನೋಡಿ ಒಂದೇ ಮಾತಿಗೆ ತಳ್ಳಿಹಾಕಿದರು. "ಪೀಪಿ ಅಂದ್ರೆ ಬಾಯಲ್ಲಿಟ್ಟು ಊದೋದು. ಬಲೂನು ಮಾರೋನು ಊದಿ ನೋಡದೆ ಮಾರ್ತಾನೇನೆ? ಎಂಜಲು. ಎಂಜಲಿನ ಮೂಲಕ ಬಂದ ನೀರಲ್ಲಿ ದೇವರಿಗೆ ಅಭಿಷೇಕ ಮಾಡ್ಲಾ?"

"ಮತ್ತೆ ಟ್ಯೂಬು?"

"ರಬ್ಬರು ಮರದ ಹಾಲು. ಅದಕ್ಕೇನೂ ದೋಷವಿಲ್ಲ. ನನಗೂ ಅಷ್ಟು ಗೊತ್ತು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ನಾಗಮಣಿಗೆ ಹಟ ಬಂತು. ಪೀಪಿಯ ನಾಲಗೆಯನ್ನೇ ತಾನು ಮಾಡುತ್ತೇನೆಂದು ಹೊರಟಳು. ರಟ್ಟು ನೆನೆಯಿತು, ಪ್ಲಾಸ್ಟಿಕ್ ಚೀಲದ ಹಾಳೆ ಬರೀ ಪಟಪಟ ಎಂದಿತು, ಹಾಲಿನ ಕವರು ಅಂಟಿಕೊಂಡಿತು. ಕೊನೆಗೆ ಅತ್ತೆಯ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ, ಎರಡು ಸಣ್ಣ ಪಟ್ಟಿಗಳನ್ನು ಎದುರುಬದುರು ಇಟ್ಟು, ನಡುವೆ ಕೂದಲೆಳೆ ಸಂದು ಬಿಟ್ಟು ದಾರ ಸುತ್ತಿದಳು. ಇದೆಲ್ಲದರಲ್ಲಿ ಒಂದು ಕಷ್ಟ: ಊದಿ ನೋಡುವ ಹಾಗಿಲ್ಲ. ಬಾಯಿ ತಾಗಿದರೆ ಮತ್ತೆ ಎಂಜಲು. ಅದಕ್ಕೆ ಮಗಳು ಮಧುರಾಳ ಸೈಕಲ್ ಪಂಪನ್ನು ಅಡುಗೆಮನೆಗೆ ತಂದಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಪಂಪು, ಕಾಲಡಿಯಲ್ಲಿ ಎಕ್ಸ್‌ರೇ ಚೂರುಗಳು. ವಾರಗಟ್ಟಲೆ ಆ ಮನೆಯಲ್ಲಿ ಕುಕ್ಕರಿನ ಸದ್ದಿಗಿಂತ ಪಂಪಿನ ಸದ್ದೇ ಹೆಚ್ಚಾಗಿತ್ತು.

ತಿರುಮಲೇಶ ಆಗೆಲ್ಲ ಪೇಪರಿನ ಹಿಂದೆ ಇರುತ್ತಿದ್ದ. ಮಣಲಿಯ ಒಂದು ರಸಾಯನ ಕಾರ್ಖಾನೆಯಲ್ಲಿ ಗಾಳಿಯ ಒತ್ತಡ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಒಮ್ಮೆ ಪೇಪರ್ ಇಳಿಸಿ, "ಏನೇ ಅದು, ಮಕ್ಕಳಾಟ" ಎಂದಿದ್ದ. ಅವನು ಈ ಕೆಲಸದ ಬಗ್ಗೆ ಆಡಿದ ಮಾತು ಅದೊಂದೇ.

ಪೀಪಿ ಕೂಗಿದ ದಿನ ಜಯಲಕ್ಷ್ಮಮ್ಮ ಸ್ನಾನ ಮಾಡಿ ಹಾಗೇ ಓಡಿಬಂದರು. ತಿಂಗಳೊಪ್ಪತ್ತಿನಲ್ಲಿ ಬೀದಿಯ ಮನೆಮನೆಗೂ ನಾಗಮಣಿ ಮಾಡಿಕೊಟ್ಟಳು; ಮಾಡಿದ್ದು ಯಾರೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಧ್ಯಾಹ್ನ ನೀರು ಬಂದರೆ ಬೀದಿಯ ಆ ತುದಿಯಿಂದ ಒಂದೊಂದೇ ಪೀಪಿ ಕೂಗುತ್ತ ಬರುತ್ತಿತ್ತು. ಹೆಂಗಸರು ನಿದ್ದೆಗಣ್ಣಲ್ಲಿ ನಗುತ್ತ ಕೊಡ ಹಿಡಿದು ಬರುತ್ತಿದ್ದರು.

ಅದೇ ಸದ್ದು ಕೇಳಿ ಒಂದು ಸಂಜೆ ಬಂದವನು ಪಂಢರಿನಾಥ, ಬ್ಯಾಂಕಿನಲ್ಲಿ ಕೆಲಸ, ಕನ್ನಡ ಬಳಗದ ಕಾರ್ಯದರ್ಶಿ. ಗುಂಡಿಯಲ್ಲಿ ಬಗ್ಗಿ ನೋಡಿ, ಮೇಲೆ ಬಂದು, ತಿರುಮಲೇಶನ ಬೆನ್ನು ತಟ್ಟಿದ. "ನಾನು ಮೊದಲೇ ಅಂದುಕೊಂಡೆ ಸಾರ್. ಗಾಳಿ, ಒತ್ತಡ ಎಲ್ಲಾ ನಿಮ್ಮ ಡಿಪಾರ್ಟ್‌ಮೆಂಟು. ಇಷ್ಟು ಚೂಟಿ ಕೆಲಸ ಇನ್ಯಾರು ಮಾಡ್ತಾರೆ?"

ನಾಗಮಣಿ ಕಾಫಿ ತರುತ್ತಿದ್ದಳು. ಬಾಗಿಲಲ್ಲೇ ನಿಂತಳು. ಈಗ ಹೇಳುತ್ತಾರೆ ಎಂದುಕೊಂಡಳು. ತಿರುಮಲೇಶ ನಕ್ಕ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಹಾಲಿನಲ್ಲಿ ಗೋಡೆ ಗಡಿಯಾರ ಟಿಕ್ ಎನ್ನುವುದು ಕೇಳಿಸುವಷ್ಟು ಹೊತ್ತು ಮಾತಿಗೆ ಜಾಗವಿತ್ತು.

"ಕಾಫಿ ತೊಗೊಳ್ಳಿ," ಎಂದ ತಿರುಮಲೇಶ.

ಆಮೇಲೆ ಅವಳು ಸಕ್ಕರೆ ತರಲು ಒಳಗೆ ಹೋದಳು. ಆ ನಡುವೆ ಹೇಳಿದರೋ ಏನೋ ಎಂಬ ಅನುಮಾನ ಅಂದಿನಿಂದ ಅವಳನ್ನು ಕೊರೆಯುತ್ತಿತ್ತು. ನಿಜ ಹೇಳಬೇಕೆಂದರೆ ಆ ಅನುಮಾನವನ್ನು ಅವಳೇ ಸಾಕುತ್ತಿದ್ದಳು. ಅದೊಂದು ಸತ್ತರೆ ಉಳಿಯುವುದು ಸಿಟ್ಟು ಮಾತ್ರ. ಸಿಟ್ಟಿನ ಜೊತೆ ಸಂಸಾರ ಮಾಡುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ.

ಆಹ್ವಾನಪತ್ರಿಕೆ ಬಂದ ದಿನ ಕೇಳಿಯೇಬಿಟ್ಟಳು. "ರೀ, ನೀವು ಪಂಢರಿನಾಥರಿಗೆ ಹೇಳಿದಿರಾ ಇಲ್ಲವಾ?"

"ಏನು?"

"ಪೀಪಿ ಮಾಡಿದ್ದು ಯಾರು ಅಂತ."

ತಿರುಮಲೇಶ ಶೂ ಲೇಸು ಬಿಚ್ಚುತ್ತಿದ್ದ. "ನಾನು ಮಾಡಿದೆ ಅಂತ ಎಲ್ಲಾದರೂ ಅಂದಿದೀನಾ?"

"ನಾನು ಅದನ್ನ ಕೇಳಲಿಲ್ಲ."

"ಅವನೇ ಊಹೆ ಮಾಡಿಕೊಂಡ. ನಾಲ್ಕು ಜನರ ಮುಂದೆ ಅವನನ್ನ ಸುಳ್ಳುಗಾರ ಮಾಡೋದು ಹೇಗೆ? ಈಗ ಕಾರ್ಡೂ ಅಚ್ಚಾಗಿದೆ."

"ನನ್ನನ್ನ ಏನೂ ಅಲ್ಲದವಳು ಮಾಡಬಹುದು, ಅಲ್ಲವಾ? ಅದಕ್ಕೆ ಯಾರ ಮರ್ಯಾದೆಯೂ ಹೋಗಲ್ಲ."

"ಕೂಗಬೇಡ. ಮಧುರಾ ಓದ್ತಿದಾಳೆ." ಶೂ ಮೂಲೆಗೆ ಸರಿಸಿ, "ಭಾನುವಾರ ಮೈಕಿನಲ್ಲೇ ಹೇಳ್ತೀನಿ. ಆಯ್ತಾ?" ಎಂದ.

ಮಧುರಾ ಓದುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಅಡುಗೆಮನೆಗೆ ಬಂದು ತಾಯಿಯ ಪಕ್ಕ ಕಟ್ಟೆಗೆ ಒರಗಿ ತಮಿಳಿನಲ್ಲೇ ಅಂದಳು, "ಅಪ್ಪಾ ಪೊಯ್ ಸೊಲ್ಲಲಿಯೇಮ್ಮಾ. ಸುಮ್ಮಾ ಇರುಂದಾರು, ಅವ್ವಳವುದಾನ್."

ಅಪ್ಪ ಸುಳ್ಳು ಹೇಳಲಿಲ್ಲವಂತೆ. ಸುಮ್ಮನಿದ್ದರಂತೆ, ಅಷ್ಟೇ. ಹುಡುಗಿ ಅಪ್ಪನ ಪರವಾಗಿ ಹೇಳಿದಳೋ ವಿರುದ್ಧವಾಗಿ ಹೇಳಿದಳೋ ನಾಗಮಣಿಗೆ ತಿಳಿಯಲಿಲ್ಲ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆಚೂರಿನ ಹಾಗೆ ಕೂತುಬಿಟ್ಟಿತು. ಮದುವೆಯಾದಾಗಿನಿಂದ ಜನ ಹೇಳುತ್ತ ಬಂದದ್ದು ಅದೇ: ನಿನ್ನ ಗಂಡ ದೇವರಂಥವನು, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ. ಈ ಮನೆಯ ಬಂಗಾರವೆಲ್ಲ ಯಾರ ಪೆಟ್ಟಿಗೆಯಲ್ಲಿದೆ ಎಂಬುದು ಅವಳಿಗೆ ಈಗ ಕಾಣತೊಡಗಿತ್ತು. ಇವಳು ಮದುವೆಗೆ ಮುಂಚೆ ಬರೆದಿದ್ದ ಬ್ಯಾಂಕ್ ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಬಂದಾಗ ಅತ್ತೆ, "ಸೊಸೆ ಕೆಲಸಕ್ಕೆ ಹೋಗೋದು ನಮ್ಮಲ್ಲಿಲ್ಲ" ಎಂದಿದ್ದರು. ಆಗಲೂ ಇವನು ಬೇಡ ಎನ್ನಲಿಲ್ಲ. ಸುಮ್ಮನಿದ್ದ, ಅಷ್ಟೇ.

ಆದರೂ ಭಾನುವಾರದ ಮೇಲೆ ಅವಳು ನಂಬಿಕೆಯಿಟ್ಟಳು. ಸಮಾರಂಭದಲ್ಲಿ ಪೀಪಿ ಕೂಗಿಸಿ ತೋರಿಸಿ ಎನ್ನುತ್ತಾರೆ, ಅಲ್ಲಿ ನಲ್ಲಿ ಎಲ್ಲಿರುತ್ತದೆ ಎಂದು ಯೋಚಿಸಿ ಸೈಕಲ್ ಪಂಪನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡಳು. ಮನೆಯ ನಲ್ಲಿಗೆ ಹಾಕಿದ್ದ ಪೀಪಿಯನ್ನೇ ಬಿಚ್ಚಿ, ತೊಳೆದು, ಒರೆಸಿ, ಗಂಡನ ಕೈಗೆ ಕೊಟ್ಟಳು. ಹಳೆಯದಾದರೂ ಅದೇ ಮೊದಲನೆಯದು, ಅದರ ದನಿಯೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಶಾಲೆಯೊಂದರ ಹಾಲ್. ಮೊದಲ ಸಾಲಿನಲ್ಲಿ ಜಯಲಕ್ಷ್ಮಮ್ಮ, ಪಕ್ಕದಲ್ಲಿ ನಾಗಮಣಿ, ಮಧುರಾ. ಫ್ಯಾನಿನ ಗಾಳಿಗೆ ವೇದಿಕೆಯ ಬ್ಯಾನರ್ ಅಲ್ಲಾಡುತ್ತಿತ್ತು. ಪಂಢರಿನಾಥ ಮೈಕ್ ಹಿಡಿದರೆ ಬಿಡುವವನಲ್ಲ. "ಹೆಂಗಸರು ಅಡುಗೆಮನೆಯಲ್ಲಿ ನೀರಿಲ್ಲ ನೀರಿಲ್ಲ ಅಂತ ಅಳ್ತಾ ಕೂರ್ತಾರೆ. ಗಂಡಸು ಯೋಚನೆ ಮಾಡ್ತಾನೆ. ನಮ್ಮ ತಿರುಮಲೇಶ್ ಸಾರ್ ಮಾತಾಡೋರಲ್ಲ, ಮಾಡಿ ತೋರಿಸೋರು." ಚಪ್ಪಾಳೆ. ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು. ಪೇಟ ಸ್ವಲ್ಪ ದೊಡ್ಡದು, ಹುಬ್ಬಿನ ತನಕ ಇಳಿಯಿತು.

"ಎಲ್ಲಿ ಸಾರ್, ಒಮ್ಮೆ ಕೂಗಿಸಿ. ಎಲ್ಲರೂ ಕೇಳಲಿ."

ನಾಗಮಣಿ ಚೀಲದಿಂದ ಪಂಪು ತೆಗೆದು ಅರ್ಧ ಎದ್ದು ನಿಂತಳು. ತಿರುಮಲೇಶ ಇವಳ ಕಡೆ ನೋಡಲಿಲ್ಲ. ಜೇಬಿನಿಂದ ಡಬ್ಬಿ ತೆಗೆದ. ಬಾಯಿಗಿಟ್ಟ. ಕೆನ್ನೆಯುಬ್ಬಿಸಿ ಊದಿದ.

ಪೀಪಿ ಕೂಗಿತು. ಹಾಲ್ ತುಂಬ ಚಪ್ಪಾಳೆ. ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದವು. ಇನ್ನೊಮ್ಮೆ ಊದಿದ.

"ಅಯ್ಯೋ ಎಂಜಲು ಮಾಡಿಬಿಟ್ನಲ್ಲೇ," ಎಂದರು ಜಯಲಕ್ಷ್ಮಮ್ಮ. ಚಪ್ಪಾಳೆಯಲ್ಲಿ ಅದು ನಾಗಮಣಿಯ ಕಿವಿಗೆ ಮಾತ್ರ ಬಿತ್ತು.

ಅವಳು ಪಂಪು ಹಿಡಿದುಕೊಂಡು ಅರ್ಧ ಎದ್ದವಳು ಹಾಗೆಯೇ ಇದ್ದಳು. ಆ ಡಬ್ಬಿಯನ್ನು ಯಾರೂ ಬಾಯಿಗಿಟ್ಟಿರಲಿಲ್ಲ. ಒಂದು ಉಸಿರು ಹಾಕಿದರೆ ತಿಳಿಯುವುದನ್ನು ತಿಳಿಯಲು ಅವಳು ವಾರಗಟ್ಟಲೆ ತೋಳು ನೋಯಿಸಿಕೊಂಡು ಪಂಪು ಹೊಡೆದಿದ್ದಳು. ಅದೇ ಮನೆಯಲ್ಲಿ, ಪೇಪರಿನ ಆ ಬದಿಯಲ್ಲಿ ಕೂತಿದ್ದ ಮನುಷ್ಯ ಅದು ಯಾಕೆಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ತನ್ನದಲ್ಲದ್ದನ್ನು ತೆಗೆದುಕೊಳ್ಳುವವನು ಕನಿಷ್ಠ ಅದೇನೆಂದಾದರೂ ನೋಡುತ್ತಾನೆ. ಇವನಿಗೆ ಅದೂ ಬೇಕಾಗಿರಲಿಲ್ಲ. ಇಷ್ಟು ದಿನ ಸಾಕಿದ ಅನುಮಾನ ಅಲ್ಲಿಗೆ ಸತ್ತಿತು.

ತಿರುಮಲೇಶನ ಭಾಷಣ ಚಿಕ್ಕದು. ಎಲ್ಲರಿಗೂ ವಂದನೆ. ನೀರನ್ನು ಮಿತವಾಗಿ ಬಳಸೋಣ. ತಾಯಿಯ ಆಶೀರ್ವಾದ. ಕನ್ನಡ ಬಳಗ ಬೆಳೆಯಲಿ. ಕೂತ.

"ಈಗ ಶ್ರೀಮತಿ ತಿರುಮಲೇಶ್ ಅವರು ವೇದಿಕೆಗೆ ಬರಬೇಕು," ಎಂದ ಪಂಢರಿನಾಥ.

ಬಳಗದ ಹಿರಿಯಾಕೆ ಅಮ್ಮಣ್ಣಿ ತಟ್ಟೆ ಹಿಡಿದು ನಿಂತಿದ್ದರು. ಅರಿಶಿನ ಕುಂಕುಮ, ಒಂದು ಮೊಳ ಮಲ್ಲಿಗೆ, ತೆಂಗಿನಕಾಯಿ, ಒಂದು ರವಿಕೆಯ ಕಣ. ಸನ್ಮಾನ ಗಂಡಸಿಗಾದರೆ ಜೊತೆಯವಳಿಗೆ ಇಷ್ಟು, ಅದು ಕ್ರಮ. ನಾಗಮಣಿ ಕೈಯಲ್ಲಿ ಸೈಕಲ್ ಪಂಪು ಇಟ್ಟುಕೊಂಡೇ ಮೆಟ್ಟಿಲು ಹತ್ತಿದಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕುಂಕುಮ ಹಚ್ಚಿಸಿಕೊಂಡಳು. ರವಿಕೆಯ ಕಣವನ್ನು ತೆಗೆದುಕೊಳ್ಳದೆ ಮೈಕಿನ ಹತ್ತಿರ ಹೋದಳು.

"ಇದನ್ನು ಮಾಡಿದ್ದು ನಾನು," ಎಂದಳು.

ಸಭೆಗೆ ಸಭೆಯೇ ನಕ್ಕಿತು. ಕೆಟ್ಟ ನಗುವಲ್ಲ, ತುಂಬ ಪ್ರೀತಿಯ ನಗು. ಅದೇ ಅವಳ ಹೊಟ್ಟೆ ಉರಿಸಿದ್ದು.

"ಕೇಳಿದಿರಾ ಸಾರ್?" ಎಂದ ಪಂಢರಿನಾಥ. "ಇವತ್ತು ಒಪ್ಪಿಕೊಳ್ಳದಿದ್ರೆ ಮನೆಯಲ್ಲಿ ಊಟ ಸಿಗಲ್ಲ. ಆಯ್ತು ಅತ್ತಿಗೆ, ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಅಂತ ಶಾಸ್ತ್ರವೇ ಇದೆ."

"ಅರ್ಧ ಅಲ್ಲ. ಪೂರ್ತಿ."

ನಗು ಇನ್ನೂ ಹೆಚ್ಚಾಯಿತು. ನಗುತ್ತಲೇ ಎಲ್ಲರ ಮುಖ ತಿರುಮಲೇಶನ ಕಡೆ ತಿರುಗಿತು. ಅವನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ಹೌದು ಎಂದಿದ್ದರೆ ಸಾಕಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ತಿರುಮಲೇಶ ಜಾರುತ್ತಿದ್ದ ಪೇಟವನ್ನು ಸರಿಮಾಡಿಕೊಂಡು ನಕ್ಕ. ಆ ನಗು ನೋಡಿ ಜನಕ್ಕೆ ಸಮಾಧಾನವಾಯಿತು. ನಾಗಮಣಿ ಮೈಕಿನ ಮುಂದಿನಿಂದ ಇಳಿದಳು. ಕಣ ತಟ್ಟೆಯಲ್ಲೇ ಉಳಿಯಿತು. ಅಮ್ಮಣ್ಣಿ ಅದನ್ನು ಮಡಿಸಿ ಮಧುರಾಳ ಕೈಗೆ ಕೊಟ್ಟರು.

ಆಟೋದಲ್ಲಿ ತಿರುಮಲೇಶ ಡ್ರೈವರಿನ ಪಕ್ಕ ಅರೆಬರೆ ಕೂತಿದ್ದ, ಹಿಂದೆ ಮೂವರು. ತಿರುಮಂಗಲದ ಸಿಗ್ನಲ್ಲಿನಲ್ಲಿ ನಿಂತಾಗ ಜಯಲಕ್ಷ್ಮಮ್ಮನೇ ಬಾಯಿ ಬಿಟ್ಟರು.

"ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ತಂತೆ. ಅಲ್ವೋ, ಅವಳು ಮಾಡಿದ್ದು ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಎಲ್ಲರಿಗೂ ಗೊತ್ತಿದೆ ಅಮ್ಮ," ಎಂದ ತಿರುಮಲೇಶ, ಹಿಂದೆ ತಿರುಗದೆ.

"ಯಾರಿಗೆ ಗೊತ್ತು?" ಎಂದಳು ನಾಗಮಣಿ. "ಗೊತ್ತಿರೋ ಒಬ್ಬರ ಹೆಸರು ಹೇಳಿ. ನಾನು ನನ್ನ ಬಾಯಿಂದ ಹೇಳಿದೆ. ನಕ್ಕರು. ಅವರಿಗೆ ಬೇಕಾಗಿದ್ದು ನನ್ನ ಮಾತಲ್ಲ, ನಿಮ್ಮದು. ನನ್ನ ಮಾತು ನಿಜವಾಗೋಕೂ ನಿಮ್ಮ ಮಾತೇ ಬೇಕು ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಪೇಟ ಸರಿಮಾಡಿಕೊಂಡಿರಿ."

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಕನ್ನಡ ತಿಳಿಯದಿದ್ದರೂ ಮನೆಜಗಳ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಸಿಗ್ನಲ್ ಹಸಿರಾಯಿತು. ತಿರುಮಲೇಶ ಕಂಬಿ ಹಿಡಿದುಕೊಂಡ.

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ. ಜಯಲಕ್ಷ್ಮಮ್ಮ ಅದನ್ನು ನೋಡಿ ಮೂಗು ಮುರಿದರು. "ಇನ್ನು ಅದು ನಲ್ಲಿಗೆ ಬೇಡ. ನಾಗು, ಇನ್ನೊಂದು ಮಾಡಿಬಿಡೇ. ನಾಳೆಯೋ ನಾಳಿದ್ದೋ ನೀರು ಬರುತ್ತೆ."

"ನಿಮ್ಮ ಮಗನ್ನ ಕೇಳಿ ಅಮ್ಮ. ಶಾಲು ಹೊದ್ದವರು ಅವರು. ಎಕ್ಸ್‌ರೇ ಬೀರುವಿನ ಮೇಲಿದೆ, ಪಂಪು ಬಾಗಿಲ ಹಿಂದೆ ಇದೆ."

ಅತ್ತೆ ಮಗನ ಮುಖ ನೋಡಿದರು. ಮಗ ಬೀರುವಿನ ಮುಖ ನೋಡಿದ. ಮಧುರಾ ಆ ರವಿಕೆಯ ಕಣದಿಂದ ಮೇಜಿನ ಮೇಲಿನ ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿ, ಕಣವನ್ನೂ ಅದರ ಮೇಲೆ ಹಾಕಿದಳು. ಕನ್ನಡದಲ್ಲಿ, ಅವಳು ಅಪರೂಪಕ್ಕೆ ಆಡುವ ಕನ್ನಡದಲ್ಲಿ, "ಅಜ್ಜಿ, ನೀರು ನಾನು ಹಿಡೀತೀನಿ" ಎಂದಳು.

"ನೀನು ಓದಿಕೋ," ಎಂದಳು ನಾಗಮಣಿ. "ನೀರು ಅಪ್ಪ ಹಿಡೀತಾರೆ."

ಹಾಗೆಯೇ ಆಯಿತು. ಆ ಬೀದಿಯಲ್ಲಿ ಪೀಪಿಯಿಲ್ಲದ ನಲ್ಲಿ ಅದನ್ನು ಕಂಡುಹಿಡಿದವರ ಮನೆಯದೊಂದೇ ಆಯಿತು. ತಿರುಮಲೇಶ ಮಣಲಿಯಲ್ಲಿ ಶಿಫ್ಟ್ ಬದಲಾಯಿಸಿಕೊಂಡು, ಮಧ್ಯಾಹ್ನ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ಹಿತ್ತಾಳೆ ಕೊಡ ಇಟ್ಟುಕೊಂಡು ಗುಂಡಿಯ ಪಕ್ಕ ಕೂರತೊಡಗಿದ. ಬೀದಿಯ ಆ ತುದಿಯಲ್ಲಿ ನಾಗಮಣಿ ಮಾಡಿದ ಪೀಪಿಗಳು ಕೂಗಿದರೆ ಇವನು ಎದ್ದು ಗುಂಡಿಗಿಳಿಯುತ್ತಿದ್ದ. ಹೋಗುವವರು ಬರುವವರು, "ಏನ್ ಸಾರ್, ನಿಮ್ಮದು ರಿಪೇರಿಯಾ?" ಎಂದು ಕೇಳುತ್ತಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ನಾಗಮಣಿ ಒಗ್ಗರಣೆಯ ಸೌಟನ್ನು ಎತ್ತಿ ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು. ಸಾಸಿವೆ ಸೀದುಹೋಗುವ ತನಕ ಕಾಯುತ್ತಿದ್ದಳು.

"ಹ್ಞಾ, ಸ್ವಲ್ಪ," ಎನ್ನುತ್ತಿದ್ದ ತಿರುಮಲೇಶ.

ಆಮೇಲಿನ ವರ್ಷ ಸ್ವಲ್ಪ, ಅದರ ಮುಂದಿನ ವರ್ಷ ಊರೇ ಮುಳುಗುವಷ್ಟು ಮಳೆ ಬಂತು. ಗುಂಡಿಗಳನ್ನು ಮುಚ್ಚಿದರು. ಪೀಪಿಗಳು ಹಳೆ ಸಾಮಾನಿನ ಜೊತೆ ಹೋದವು. ತಿರುಮಲೇಶ ಕೆಟ್ಟವನಾಗಿರಲಿಲ್ಲ. ಪುರಸೈವಾಕ್ಕಂನ ಜವಳಿ ಅಂಗಡಿಗೆ ಕರೆದುಕೊಂಡು ಹೋಗಿ ಹೆಂಡತಿಗೆ ರೇಷ್ಮೆ ಸೀರೆ ಕೊಡಿಸಿದ. ಮಧುರಾ ಇಂಜಿನಿಯರಿಂಗ್ ಸೇರುವಾಗ "ನಿನ್ನ ತಾಯಿಯ ತಲೆ ಬಂದಿದೆ ನಿನಗೆ" ಎಂದ. ಒಂದು ದಿನ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, "ತಪ್ಪಾಯ್ತು ಕಣೇ" ಎಂದೂ ಹೇಳಿದ. ಬಾಗಿಲು ತೆರೆದಿಟ್ಟು ಹೇಳಿ ಎಂದಳು ನಾಗಮಣಿ. ಅವನು ನೀರು ಕುಡಿದು ಹೋದ.

ಪೀಪಿ ಮಾಡಿದ್ದು ನನ್ನ ಹೆಂಡತಿ ನಾಗಮಣಿ ಎಂದು ಅವನು ಯಾರ ಎದುರಿಗೂ ಯಾವತ್ತೂ ಹೇಳಲಿಲ್ಲ.